ನಿಂಗತ್ತೆ ಕಲಿತ ಐದು ಇಂಗ್ಲಿಷ್ ಮಾತುಗಳು

ಹುಣಸೆ ಬೀಜದ ಗಂಜಿ ಸವರಿ ಬಿಸಿಲಿಗೆ ಹರವಿದ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ, ನಮ್ಮ ಮನೆಯ ಅಂಗಳ ಹೇಗಿತ್ತೆಂದು ನಾನು ಬೇರೆ ಹೇಳಬೇಕಿಲ್ಲ. ಕುರಿಯ ಮೈಯ ಜಿಡ್ಡು, ಬೆಂದ ಬೀಜ, ಕಾದ ಮಣ್ಣು ಮೂರೂ ಕೂಡಿದ ವಾಸನೆ ಅದು. ಮೊನ್ನೆ ಹಿರಿಯೂರಿನ ಸಂತೆಯಲ್ಲಿ ಒಬ್ಬ ಮುದುಕ ನಾಲ್ಕು ಕಂಬಳಿ ಹಾಕಿಕೊಂಡು ಕೂತಿದ್ದ. ಕೊಳ್ಳುವ ಮನಸ್ಸೇನೂ ಇರಲಿಲ್ಲ, ಸುಮ್ಮನೆ ಬಗ್ಗಿ ಒಂದನ್ನು ಮೂಗಿನ ಹತ್ತಿರ ಹಿಡಿದೆ. ಅಷ್ಟಕ್ಕೇ ಯಲ್ಲದಕೆರೆ ಪಕ್ಕದ ನಮ್ಮ ಹಳ್ಳಿ, ಮಣ್ಣು ಮೆತ್ತಿದ ಮಾಳಿಗೆ ಮನೆ, ಅದರ ಬೆನ್ನಿಗೆ ಅಂಟಿಕೊಂಡಿದ್ದ ಕುರಿರೊಪ್ಪ, ರೊಪ್ಪದ ಬಾಗಿಲಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ನಿಂತ ನಿಂಗತ್ತೆ ಎಲ್ಲವೂ ಎದ್ದು ಬಂದವು. ಮುದುಕ ಬೆಲೆ ಹೇಳುತ್ತಿದ್ದ. ನಾನು ಕಂಬಳಿ ಕೆಳಗಿಟ್ಟು, ಮುಖ ತಿರುಗಿಸಿಕೊಂಡು ನಡೆದುಬಿಟ್ಟೆ.

ನಿಂಗತ್ತೆ ನಮ್ಮಪ್ಪನ ಅಕ್ಕ. ಮದುವೆಯಾದ ಮೂರನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬಂದ ದಿನದಿಂದಲೇ ರೊಪ್ಪದ ಯಜಮಾನಿಕೆ ಹಿಡಿದಳು. ಕುರಿ ಕಾಯಲು ಹೋಗುತ್ತಿದ್ದವರು ಅಪ್ಪ, ಚಿಕ್ಕಪ್ಪ. ಕುರಿಯ ಮೈ ಬಲ್ಲವಳು ಮಾತ್ರ ಅತ್ತೆ. ಸಂಜೆ ಹಿಂಡು ಮನೆಗೆ ತಿರುಗಿದರೆ ಒಂದೊಂದನ್ನೂ ಕಾಲಿನ ಸಂದಿಗೆ ಸಿಕ್ಕಿಸಿಕೊಂಡು ಕಣ್ಣಿನ ರೆಪ್ಪೆ ಎತ್ತಿ ಒಳಗೆ ಕೆಂಪೋ ಬಿಳುಪೋ ನೋಡುವಳು. ಗದ್ದದ ಕೆಳಗೆ ಹೆಬ್ಬೆಟ್ಟು ಒತ್ತಿ ಬಾವು ಹುಡುಕುವಳು, ಕೆಚ್ಚಲು ಹಿಚುಕಿ ಗಂಟಿದೆಯೇ ಎಂದು ತಡವುವಳು. ಎಷ್ಟೋ ಸಲ ಪಕ್ಕದ ಹಳ್ಳಿಯ ಗಂಡಸರು ಕೂಡ ತಮ್ಮ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು, "ನಿಂಗಕ್ಕಾ, ಒಂಚೂರು ಕೈ ಆಡ್ಸವ್ವ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಆಗ ನಾನು ಎಂಟನೇ ಕ್ಲಾಸು. ಇಂಗ್ಲಿಷ್ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಐದು ಶಬ್ದ ಬರೆದರು: ಟೆಸ್ಟ್, ಮೆಷರ್, ಸರ್ವೆ, ಇನ್‌ಸ್ಪೆಕ್ಟ್, ಎಗ್ಸಾಮಿನ್. ಬಹಳಷ್ಟಕ್ಕೆ ಪರೀಕ್ಷಿಸು ಎಂಬ ಒಂದೇ ಅರ್ಥ ಬರೆಸಿ ಬಾಯಿಪಾಠ ಮಾಡಲು ಹೇಳಿದರು. ನಾನು ರೊಪ್ಪದ ಗೋಡೆಗೆ ಒರಗಿ ಗಟ್ಟಿಯಾಗಿ ಓದುತ್ತಿದ್ದರೆ ಅತ್ತೆ ಕಸ ಗುಡಿಸುವುದು ಬಿಟ್ಟು ನಿಂತಳು. "ಅವೆಲ್ಲಾ ಏನೇ ಪಾರಿ?" ಎಂದಳು. ನೋಡೋದಕ್ಕೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ ಎಂದೆ. "ಒಂದು ನೋಡಾಕೆ ಇಷ್ಟು ಮಾತಾ? ಅಂಗಾದ್ರೆ ಅವ್ರು ನೋಡಾದು ಬಲ್ರು ಬಿಡು" ಎಂದು, ಪೊರಕೆ ಹಿಡಿದೇ ನನ್ನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು. ಮೇಷ್ಟ್ರಿಗೂ ಬಿಡಿಸಿ ಹೇಳಲಾಗದ ವ್ಯತ್ಯಾಸವನ್ನು ಅತ್ತೆ ತನ್ನ ಕೆಲಸದಲ್ಲಿ ಕಂಡುಕೊಂಡಳು. ಸಾರಿನ ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಟೆಸ್ಟು. ಕಂಬಳಿಗೆ ಮೊಳ ಹಾಕಿದರೆ ಮೆಷರು. ದಿಬ್ಬದ ಮೇಲೆ ನಿಂತು ಹಿಂಡಿನ ಮೇಲೆಲ್ಲ ಕಣ್ಣಾಡಿಸಿದರೆ ಸರ್ವೆ. ರೆಪ್ಪೆ ಎತ್ತಿದರೆ ಎಗ್ಸಾಮಿನ್. ಇನ್‌ಸ್ಪೆಕ್ಟ್ ಎಂಬುದು ಅವಳ ಬಾಯಿಗೆ ಬಂದು 'ಇನ್‌ಪೆಟ್ಟು' ಆಯಿತು. ಕೆಚ್ಚಲು ಹಿಚುಕುವಾಗ, "ತಡಿಯಮ್ಮಿ, ಇನ್‌ಪೆಟ್ಟು ಮಾಡ್ತೀನಿ" ಎಂದು ಕುರಿಗೆ ಹೇಳುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಅವಳೂ ನಗುತ್ತಿದ್ದಳು. ಆ ವರ್ಷ ನಮ್ಮ ಮನೆಯಲ್ಲಿ ಆ ಐದು ಮಾತುಗಳಷ್ಟು ಸಂತೋಷ ಕೊಟ್ಟದ್ದು ಬೇರೊಂದಿರಲಿಲ್ಲ.

ಒಂಬತ್ತಕ್ಕೆ ನನ್ನನ್ನು ದುರ್ಗದಲ್ಲಿ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ನಾನು ಕಲಿತ ಮೊದಲ ಪಾಠ ನಾಚಿಕೆ. ನನ್ನ ಟ್ರಂಕಿನ ಬಟ್ಟೆಯಲ್ಲಿ ಕುರಿ ವಾಸನೆ ಬರುತ್ತದೆಂದು ಒಬ್ಬಳು ಅಂದಳು. ಅಂದಿನಿಂದ ಬಟ್ಟೆಯ ನಡುವೆ ಸೋಪಿನ ತುಂಡು ಇಟ್ಟುಕೊಳ್ಳತೊಡಗಿದೆ. 'ಐತೆ' ಬಿಟ್ಟು 'ಇದೆ' ಅನ್ನುವುದು ರೂಢಿಯಾಯಿತು. ಕ್ಲಾಸಿನ ವಿಮಲಾ ನನಗೆ ಬಹಳ ದೊಡ್ಡವಳಾಗಿ ಕಾಣುತ್ತಿದ್ದಳು. ಅವಳಪ್ಪ ಆಫೀಸರು, ಅವಳ ಉಗುರಿನಲ್ಲಿ ಎಂದೂ ಮಣ್ಣಿರುತ್ತಿರಲಿಲ್ಲ. ನಮ್ಮ ಮನೆ ತುಂಬ ಪುಸ್ತಕವಿದೆ ಎಂದು ಅವಳ ಹತ್ತಿರ ಸುಳ್ಳು ಹೇಳಿದ್ದೆ.

ದಸರಾ ರಜೆಗೆ ಊರಿಗೆ ಹೋದಾಗ ಅತ್ತೆ ನನಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಆಮೇಲೆ ಬಚ್ಚಲ ಬಾಗಿಲು ಮುಂದಕ್ಕೆ ತಳ್ಳಿ, ನನ್ನ ಕೈ ಹಿಡಿದು ತನ್ನ ಎಡ ಎದೆಯ ಪಕ್ಕ, ಕಂಕುಳ ಹತ್ತಿರ ಇಟ್ಟುಕೊಂಡಳು. "ಒತ್ತಿ ನೋಡೇ" ಎಂದಳು. ಅವರೆಕಾಳಿನಷ್ಟು ಗಟ್ಟಿ, ಕದಲದ ಒಂದು ಗಂಟು ಬೆರಳಿಗೆ ಸಿಕ್ಕಿತು. "ಕುರಿಗಾಗಿದ್ರೆ ಸೊಪ್ಪು ಕಟ್ತಿದ್ದೆ. ಇದು ಯಾಕೋ ಜಾಗ ಬಿಟ್ಟು ಸರಿಯಲ್ದು" ಎಂದಳು. ಗಂಡಸರ ಹತ್ತಿರ ಹೇಳುವ ಮಾತಲ್ಲ, ಅವ್ವ ಹಸಿ ಬಾಣಂತಿ, ಅವಳಿಗೆ ಯೋಚನೆ ಹಚ್ಚುವುದು ಬೇಡ. ಕೆಮ್ಮು ಅಂತ ನೆಪ ಹೇಳಿ ದುರ್ಗಕ್ಕೆ ಬರುತ್ತೇನೆ, ಹೆಣ್ಣು ಡಾಕ್ಟರಿಗೆ ನೀನೇ ತೋರಿಸು ಎಂದಳು. ನಾನು ಹೂಂ ಎಂದೆ.

ಬಂದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದಿದ್ದಳು. ಲೇಡಿ ಡಾಕ್ಟರ ಶಾಪಿನ ಬೆಂಚಿನ ಮೇಲೆ ವಿಮಲಾ ತನ್ನ ತಾಯಿಯ ಜೊತೆ ಕೂತಿದ್ದಳು. ಅವಳನ್ನು ನೋಡುತ್ತಲೇ ನಾನು ಅತ್ತೆಯಿಂದ ಒಂದು ಮಾರು ದೂರ ಸರಿದು ನಿಂತೆ. ಸಣ್ಣ ಶಾಪು, ಡಾಕ್ಟರ ಮೇಜಿಗೂ ಬೆಂಚಿಗೂ ನಡುವೆ ಒಂದು ಪರದೆ, ಅದೂ ಅರ್ಧ ಸರಿದಿತ್ತು. ನಮ್ಮ ಸರದಿ ಬಂತು. ಡಾಕ್ಟರಮ್ಮ ಏನು ತೊಂದರೆ ಎಂದು ಕೇಳಿದರು. ಅತ್ತೆ ಕೈ ಮುಗಿದು, ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಂಡು ಬಂದಿದ್ದಳೋ ಏನೋ, ದೊಡ್ಡ ದನಿಯಲ್ಲಿ ಹೇಳಿದಳು:

"ಅಮ್ಮಾರೇ, ಒಂಚೂರು ಸರಿಯಾಗಿ ಇನ್‌ಪೆಟ್ಟು ಮಾಡ್ರಿ."

ಹೊರಗೆ ಯಾರೋ ಕಿಸಕ್ಕನೆ ನಕ್ಕರು. ವಿಮಲಾಳೇ ಇರಬೇಕು. ಡಾಕ್ಟರಮ್ಮನೂ ಮುಗುಳ್ನಕ್ಕರು, ಆ ನಗೆಯಲ್ಲಿ ಅಕ್ಕರೆಯಿತ್ತೆಂದು ಈಗ ನನಗೆ ಅನ್ನಿಸುತ್ತದೆ. ಆಗ ನನ್ನ ಕಿವಿ ಕಾದುಹೋಗಿತ್ತು. "ಸುಮ್ನೆ ಬಾಯಿ ಮುಚ್ಕೊಂಡಿರು. ಬರದೇ ಇರೋದು ಯಾಕೆ ಮಾತಾಡ್ತೀಯ?" ಎಂದೆ, ಹೊರಗಿನವರಿಗೂ ಕೇಳಲಿ ಎಂದೇ. ಹಾಗೆ ಅವಳ ಜೊತೆ ಮನೆಯಲ್ಲಿ ಯಾರೂ ಮಾತಾಡಿದವರಲ್ಲ. ಅತ್ತೆ ನನ್ನ ಮುಖ ನೋಡಿದಳು. ಕುರಿಯ ಕಣ್ಣು ನೋಡುವಷ್ಟೇ ಹೊತ್ತು ನೋಡಿದಳು. ಆಮೇಲೆ ಡಾಕ್ಟರ ಕಡೆ ತಿರುಗಿ ಕೆಮ್ಮು ಎಂದಳು. ಅವರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಇನ್ನೇನಾದರೂ ಇದೆಯಾ ಎಂದು ಎರಡು ಸಲ ವಿಚಾರಿಸಿದರು. ಎರಡನೇ ಸಲ ನನ್ನನ್ನೇ ಕೇಳಿದರು. "ಏನೂ ಇಲ್ರಿ" ಎಂದಳು ಅತ್ತೆ. ನನಗೆ ಗೊತ್ತಿತ್ತು, ನನ್ನ ಬೆರಳಿಗೆ ಗೊತ್ತಿತ್ತು. ನಾನು ತಲೆ ಅಲ್ಲಾಡಿಸಿದೆ.

ಬಸ್ ಸ್ಟ್ಯಾಂಡಿನಲ್ಲಿ ಅವಳು ನನಗೆ ಮಂಡಕ್ಕಿ ಕೊಡಿಸಿದಳು. "ಚೆಂದಾಕೆ ಓದವ್ವ" ಎಂದು ಬಸ್ಸು ಹತ್ತಿದಳು. ವಾಪಸ್ ಕರೆದುಕೊಂಡು ಹೋಗೋಣವೆಂದು ಒಂದು ಗಳಿಗೆ ಅನ್ನಿಸಿತು. ವಿಮಲಾ ಇನ್ನೂ ಅಲ್ಲೇ ಕೂತಿರುತ್ತಾಳೆ ಎನ್ನಿಸಿ ಕಾಲು ಏಳಲಿಲ್ಲ. ಬೇಸಿಗೆ ರಜೆಯಲ್ಲಿ ತೋರಿಸಿದರಾಯಿತು ಎಂದುಕೊಂಡೆ. ಸಂಕ್ರಾಂತಿಗೆ ಹೋದಾಗ, ಕಂಬಳಿಗೆ ಮೊಳ ಹಾಕುತ್ತಿದ್ದವಳನ್ನು ಮಾತಿಗೆಳೆಯಲು "ಇದಕ್ಕೇನಂತಾರೆ ಅತ್ತೆ?" ಎಂದು ಕೇಳಿದೆ. "ಮರ್ತೋತು ಕಣೇ" ಎಂದು ಮೊಳ ಹಾಕುವುದನ್ನು ಮುಂದುವರಿಸಿದಳು.

ಯುಗಾದಿ ಹೊತ್ತಿಗೆ ಬಚ್ಚಿಡಲಾಗಲಿಲ್ಲ. ದಾವಣಗೆರೆಗೆ ಕರೆದೊಯ್ದರು, ತಡವಾಯಿತೆಂದು ಹೇಳಿ ಕಳಿಸಿದರು. ಮಳೆಗಾಲದ ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ಅವಳ ಕಾಲು ಒತ್ತುತ್ತಾ, ಅವತ್ತು ನಾನು ಹಾಗನ್ನಬಾರದಿತ್ತು ಅತ್ತೆ ಎಂದು ಅತ್ತುಬಿಟ್ಟೆ. ಅವಳು ಕಣ್ಣು ತೆರೆಯದೆ, "ನೀನೇನ್ ಮಾಡ್ದೆ? ನಂಗೇ ನಾಚ್ಕಿ ಆತು, ಅದ್ಕೇ ಹೇಳ್ಲಿಲ್ಲ" ಎಂದಳು. ಹೆಣ್ಣು ಡಾಕ್ಟರೇ ಬೇಕೆಂದು ಅಷ್ಟು ದೂರ ಬಂದವಳಿಗೆ ಅಲ್ಲಿ ಎಂಥ ನಾಚಿಕೆ? ಸಾಯುವವಳು ನನಗಾಗಿ ಸುಳ್ಳು ಹೇಳಿದಳು. ನಾನು ಅದನ್ನು ತೆಗೆದುಕೊಂಡೆ. ಹಿಂಗಾರಿನ ಬಿತ್ತನೆಗೆ ಮೊದಲೇ ಅವಳು ಹೋದಳು.

ಅವಳ ಕೈ ಇಲ್ಲದ ಹಿಂಡು ಎರಡೇ ವರ್ಷಕ್ಕೆ ಕರಗಿತು, ಚಿಕ್ಕಪ್ಪ ಬೇರೆಯಾದ, ಆಳಿಲ್ಲದ ರೊಪ್ಪದಲ್ಲಿ ಎಕ್ಕದ ಗಿಡ ಬೆಳೆದವು. ಅಪ್ಪ ಮಾತ್ರ ಬಹಳ ಕಾಲ ಬದುಕಿದ್ದ. ಮದುವೆಯಲ್ಲೋ ಸಾವಿನ ಮನೆಯಲ್ಲೋ ಅಕ್ಕನ ಮಾತು ಬಂದರೆ ಅವನ ಕಣ್ಣು ತುಂಬುತ್ತಿದ್ದವು. ನನ್ನ ಭುಜದ ಮೇಲೆ ಕೈಯಿಟ್ಟು, "ನಾವ್ಯಾರೂ ಅಕ್ಕನ್ನ ನೋಡ್ಲಿಲ್ಲಪ್ಪ. ನೋಡಿದ್ದು ಅಂದ್ರೆ ಈ ಹುಡುಗಿ ಒಬ್ಳೇ. ಅಷ್ಟು ಸಣ್ಣೋಳು, ತಾನೇ ಡಾಕ್ಟ್ರ ಹತ್ರ ಕರ್ಕಂಡು ಹೋಗಿದ್ಲು" ಎಂದು ನೆರೆದವರಿಗೆ ಹೇಳುತ್ತಿದ್ದ. ನಾನು ತಲೆ ತಗ್ಗಿಸುತ್ತಿದ್ದೆ. ಎಷ್ಟು ವಿನಯ ಈ ಹುಡುಗಿಗೆ ಎಂದುಕೊಂಡರು ಜನ.