ಸರದಾರನ ಕಣ್ಣಿಗೆ ಹಚ್ಚಿದ ಖಾರ

ಮಾಲತೇಶ, ನಿಮ್ಮ ಹೋರಿಯ ಕಣ್ಣಿಗೆ ಖಾರದ ಪುಡಿ ಹಚ್ಚಿದವನು ನಾನು. ಫಕ್ಕೀರೇಶನಲ್ಲ. ಅವನು ಅದರ ಹತ್ತಿರಕ್ಕೂ ಬಂದಿರಲಿಲ್ಲ.

ಹದಿನೆಂಟು ವರ್ಷಗಳಿಂದ ಈ ಮಾತು ಬಾಯಿತನಕ ಬಂದು ಹಿಂದಕ್ಕೆ ಹೋಗಿದೆ. ರಾಣೆಬೆನ್ನೂರಿನ ನನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ ದಿನವೂ ನನ್ನೆದುರೇ ಕೂತು ತಾಮ್ರದ ತಂತಿ ಸುತ್ತುತ್ತೀ. ಜೈಲಿನಿಂದ ಬಂದವನಿಗೆ ಕೆಲಸ ಕೊಟ್ಟ ದೊಡ್ಡ ಮನುಷ್ಯ ಎಂದು ಓಣಿಯ ಜನ ನನ್ನನ್ನು ಹೊಗಳುತ್ತಾರೆ. ನೀನೂ ಹೊಗಳುತ್ತೀ. ಅದನ್ನು ಕೇಳುವಾಗ ನನಗೆ — ಇರಲಿ. ನನಗೇನಾಗುತ್ತದೆ ಎಂಬುದು ಇಲ್ಲಿ ಬೇಡ. ಏನು ಮಾಡಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

ನನಗೆ ಅಪ್ಪ ಇರಲಿಲ್ಲ. ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅವಳು ಬರುವತನಕ ನಾನು ನಿಮ್ಮ ಮನೆಯಲ್ಲೇ ಉಣ್ಣುತ್ತಿದ್ದೆ. ನಿಮ್ಮಣ್ಣ ಶಿವಪ್ಪ ನಮ್ಮಿಬ್ಬರನ್ನೂ ಒಂದೇ ಬಾವಿಗೆ ನೂಕಿ ಈಜು ಕಲಿಸಿದ. ಸರದಾರ ಕರುವಾಗಿದ್ದಾಗಿನಿಂದ ಅದಕ್ಕೆ ಹುರುಳಿ ತಿನ್ನಿಸಿದವರು, ಹೊಲದ ದಾರಿಯಲ್ಲಿ ಅದರ ಜೊತೆ ಓಡಿದವರು ನಾವಿಬ್ಬರೂ. ಅದು ನಿಮ್ಮ ಹೋರಿ, ನನ್ನದಲ್ಲ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಆ ದೀಪಾವಳಿಯ ಮಾರನೆಯ ವಾರ ನಮ್ಮೂರಲ್ಲೇ ಹೋರಿ ಬೆದರಿಸುವ ಸ್ಪರ್ಧೆ. ಈ ಸಲ ಹಗ್ಗ ಬಿಡುವ ಕೆಲಸ ನನಗೇ ಎಂದು ಶಿವಣ್ಣ ಮಾತು ಕೊಟ್ಟಿದ್ದ. ಅಖಾಡಕ್ಕೆ ಬಂದ ಮೇಲೆ ಹಗ್ಗವನ್ನು ನಿನ್ನ ಕೈಗೆ ಕೊಟ್ಟ. ಯಾಕೆಂದು ನಾನು ಕೇಳಿದೆ. ಎಲ್ಲರೆದುರು ಕಪಾಳಕ್ಕೆ ಬಾರಿಸಿದ.

"ನಿಮ್ಮಪ್ಪನ ಹೋರಿ ಏನಲೇ ಇದು? ಸರಿ ಆ ಕಡೆ!"

ಜನ ನಕ್ಕರು. ನೀನು — ನೀನು ನಗಲಿಲ್ಲ ಮಾಲತೇಶ. ನೀನೂ ನಕ್ಕೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ನೀನು ತಲೆ ತಗ್ಗಿಸಿದ್ದೆ.

ನಾನು ಮನೆಗೆ ಓಡಿದೆ. ಅಡುಗೆಮನೆಯಲ್ಲಿ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಬ್ಯಾಡಗಿ ಮೆಣಸಿನ ಪುಡಿ; ಅದು ಬಣ್ಣಕ್ಕೆ, ಅಷ್ಟು ಖಾರವಿಲ್ಲ. ಇನ್ನೊಂದರಲ್ಲಿ ಗುಂಟೂರಿನದು. ಎರಡರ ಮುಂದೆಯೂ ನಿಂತು ಯೋಚಿಸಿದೆ. ಯೋಚಿಸಿಯೇ ಗುಂಟೂರಿನ ಡಬ್ಬಿ ತೆಗೆದೆ. ಹುಡುಗಾಟಿಕೆ ಎಂದು ನೀನು ನನ್ನನ್ನು ಬಿಟ್ಟುಬಿಡಬಾರದು, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಒದ್ದೆ ಟವೆಲ್ಲಿನ ಮಡಿಕೆಯಲ್ಲಿ ಪುಡಿ ಸುರಿದುಕೊಂಡು ಬಂದೆ. ಕೊಬ್ಬರಿ ಹಾರ ಕಟ್ಟಿ, ನೀನು ಹಗ್ಗ ಬಿಗಿ ಹಿಡಿದು ಮುಂದಕ್ಕೆ ನೋಡುತ್ತಿದ್ದಾಗ ಸರದಾರನ ಮುಖ ಒರೆಸಿದೆ. ಮನೆಯ ಹುಡುಗ ಒರೆಸುತ್ತಿದ್ದಾನೆ, ಯಾರು ತಡೆಯುತ್ತಾರೆ? ನನ್ನನ್ನು ನೋಡಿದವನು ಒಬ್ಬನೇ — ಮುಂದಿನ ಸರದಿಗೆ ತನ್ನ ಹೋರಿ ಹಿಡಿದು ದೂರದಲ್ಲಿ ನಿಂತಿದ್ದ ಕದರಮಂಡಲಗಿ ಕಡೆಯ ಫಕ್ಕೀರೇಶ. ನೋಡಿ ನಕ್ಕ. ಬಿಸಿಲಿಗೆ ತಂಪು ಮಾಡುತ್ತಿದ್ದೇನೆ ಎಂದುಕೊಂಡನೋ ಏನೋ.

ಸರದಾರ ಓಡಲಾರದೆ ನಿಲ್ಲಲಿ, ಶಿವಣ್ಣನಿಗೆ ಅವಮಾನವಾಗಲಿ — ಅಷ್ಟೇ ಬೇಕಿತ್ತು ನನಗೆ. ಅದು ನಿಲ್ಲಲಿಲ್ಲ. ನೀನು ಹಗ್ಗ ಬಿಟ್ಟೊಡನೆ ತಿರುಗಿತು. ಜನ ಚೆಲ್ಲಾಪಿಲ್ಲಿಯಾದರು. ಶಿವಣ್ಣ ಒಬ್ಬನೇ ಅದರ ಕಡೆಗೆ ಓಡಿದ. "ಸರದಾರಾ, ಏ ಸರದಾರಾ, ನಾನೋ!" ಎಂದು ಕೈ ಚಾಚಿದ. ಕೋಡು ಪಕ್ಕೆಲುಬಿನ ಕೆಳಗೆ ಹೊಕ್ಕಿತು. ಎತ್ತಿ ಒಗೆಯಿತು, ಬಿದ್ದವನನ್ನು ಮತ್ತೆ ತಿವಿಯಿತು. ಅವನ ಹೊಟ್ಟೆಯನ್ನು ನಿನ್ನ ಅಂಗಿಯಿಂದ ಒತ್ತಿ ಹಿಡಿದುಕೊಂಡೇ ನೀನು ಟೆಂಪೋ ಹತ್ತಿದೆ. ಹಾವೇರಿ ಮುಟ್ಟುವ ಮೊದಲೇ ಅವನು ಹೋಗಿದ್ದ.

ಮರುದಿನ ಮಣ್ಣು ಕೊಟ್ಟು ಬಂದ ನಿಮ್ಮಪ್ಪ ಕೊಡಲಿ ಹಿಡಿದು ಕೊಟ್ಟಿಗೆಗೆ ಹೋದರು. ಸರದಾರನ ಕಣ್ಣು ಬಾತು ಮುಚ್ಚಿದ್ದವು. ಅವರ ಸದ್ದು ಕೇಳಿ, ಗಂಗೆದೊಗಲು ತುರಿಸಲು ಬಂದರೆಂದು ಅದು ಕುತ್ತಿಗೆ ಚಾಚಿತು. ಮೊದಲ ಏಟು ಅಲ್ಲಿಗೇ ಬಿತ್ತು. ಅದು ಸಾಯಲು ತುಂಬ ಹೊತ್ತು ತೆಗೆದುಕೊಂಡಿತು.

ಸತ್ತ ಮೇಲೆ ಅದರ ಮುಖ ಸವರಿದ ನಿನ್ನ ಬೆರಳು ಉರಿಯಿತು.

"ಹನುಮಾ, ಯಾರೋ ಖಾರ ಹಚ್ಯಾರಲೇ. ನೀ ಅಲ್ಲೇ ಇದ್ದಿ. ಯಾರು ಬಂದಿದ್ರು?"

"ಫಕ್ಕೀರೇಶ ಬಂದಿದ್ದ."

ಎರಡೇ ಶಬ್ದ. ನನ್ನನ್ನು ನೋಡಿದವನು ಅವನೊಬ್ಬನೇ ಆಗಿದ್ದ, ಅದಕ್ಕೇ ಅವನ ಹೆಸರು ಬಂತು. ಬೇರೆ ಕಾರಣವಿಲ್ಲ.

ಒಂಬತ್ತನೆಯ ದಿನ ಮುಂಜಾನೆ ಅವನು ಕೆರೆಯಲ್ಲಿ ಹೋರಿ ಮೈ ತೊಳೆಯುತ್ತಿದ್ದ. ನಾವಿಬ್ಬರೇ ಹೋದೆವು. ನಿನ್ನ ಕೈಯಲ್ಲಿ ಕುಡಗೋಲು. ನೀನು ಅವನ ಕಾಲಿನ ಮೀನಖಂಡಕ್ಕೆ ಬೀಸಿದೆ. ಅವನು ಮೊಣಕಾಲುದ್ದದ ನೀರಿನಲ್ಲಿ ಕುಸಿದ. ನೀರು ಕೆಂಪಾಯಿತು.

"ತಮ್ಮಾ, ನಾ ಏನ್ ಮಾಡೇನೋ ನಿಮಗ?"

"ಹೋರಿ ಕಣ್ಣಿಗೆ ಖಾರ ಹಚ್ಚಿ ನಮ್ಮಣ್ಣನ್ನ ಕೊಂದಿ!"

"ನಾ ಅಲ್ಲೋ, ದೇವರಾಣಿ! ಅವತ್ತು ಟವೆಲ್ಲು ಹಿಡಕೊಂಡು ನಿಂತಾವ—"

ಅವನ ಕಣ್ಣು ನನ್ನ ಮೇಲೆ ನಿಂತವು. ಮುಂದಿನ ಶಬ್ದ ಯಾವುದೆಂದು ನನಗೆ ಗೊತ್ತಿತ್ತು. ದಂಡೆಯ ಕಲ್ಲೆತ್ತಿ ಅವನ ಬಾಯಿಗೆ ಹೊಡೆದೆ. ಹಲ್ಲು ಮುರಿದ ಸದ್ದು ಕೇಳಿಸಿತು. ಆದರೂ ಏನೋ ಹೇಳಲು ತುಟಿ ಅಲುಗಿದವು. ಎರಡನೆಯದನ್ನು ತಲೆಗೆ ಹೊಡೆದೆ. ಮೂರನೆಯದನ್ನೂ.

ನನ್ನನ್ನು ಹಿಂದಕ್ಕೆ ಎಳೆದವನು ನೀನು. "ಸಾಕಲೇ, ಸಾಕು! ಕಾಲು ಮುರಿಯೂಣು ಅಂದಿದ್ವಿ, ಕೊಲ್ಲೂಣು ಅಂದಿರಲಿಲ್ಲ!" ಎಂದು ಕೂಗಿದೆ. ಆಮೇಲೆ ನನ್ನ ಮುಖ ನೋಡಿದೆ. ನಡುಗುತ್ತಿದ್ದೆ ನಾನು. ನೀನು ಅದನ್ನು ತಪ್ಪು ತಿಳಿದುಕೊಂಡೆ.

"ನೀ ಹೋಗು. ನೀ ಇಲ್ಲಿ ಬಂದೇ ಇಲ್ಲ. ನಮ್ಮಣ್ಣನ ಸಲುವಾಗಿ ಕೈ ಎತ್ತಿದಿ, ಅಷ್ಟು ಸಾಕು ನನಗ."

ನಾನು ಹೋದೆ. ನಿನ್ನಣ್ಣನ ಸಲುವಾಗಿ ಅಲ್ಲ ಎಂದು ಹೇಳಲಿಲ್ಲ. ನಿನಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು, ನನಗಿನ್ನೂ ಹದಿನೇಳು. ಹಾವೇರಿಯ ಕೋರ್ಟಿನಲ್ಲಿ ನೀನು, ಕುಡಗೋಲೂ ನನ್ನದೇ, ಕಲ್ಲೂ ನನ್ನದೇ ಎಂದು ಒಪ್ಪಿಕೊಂಡೆ. ತಲೆಯ ಪೆಟ್ಟಿನಿಂದಲೇ ಸಾವು, ಕಾಲಿನ ಗಾಯದಿಂದಲ್ಲ ಎಂದು ಡಾಕ್ಟರು ಹೇಳುವಾಗ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನೀನು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ನಿನ್ನ ನೋಟದ ಜಾಡು ಹಿಡಿದು ಇನ್ನೊಬ್ಬರು ನನ್ನನ್ನು ನೋಡಿಯಾರೆಂಬ ಭಯ ನಿನಗೆ. ಹನ್ನೆರಡು ವರ್ಷ ನೀನು ಒಳಗಿದ್ದೆ. ನಿಮ್ಮಪ್ಪ ತೀರಿಕೊಂಡಾಗ ಹೆಗಲು ಕೊಟ್ಟವನು ನಾನು — ಅದನ್ನೂ ನೀನು ಉಪಕಾರವೆಂದೇ ನೆನೆಯುತ್ತೀ.

ಹೀಗೆಯೇ ಸಾಯುತ್ತಿದ್ದೆನೇನೋ. ಹೋದ ಸೋಮವಾರ ಆ ಹುಡುಗ ಸುಟ್ಟ ಪಂಪಿನ ಮೋಟಾರು ತಂದ. ಹತ್ತೊಂಬತ್ತರ ವಯಸ್ಸು. ನಾನು ಊರು ಕೇಳಿದೆ, ಅಪ್ಪನ ಹೆಸರು ಕೇಳಿದೆ. "ಫಕ್ಕೀರೇಶ. ನಾ ಸಣ್ಣಾವ ಇದ್ದಾಗನ ಸತ್ತಾರ್ರಿ" ಎಂದ. ನೀನು ತಂತಿ ಕೆಳಗಿಟ್ಟು ಎದ್ದು ನಿಂತೆ.

"ನಿಮ್ಮಪ್ಪನ್ನ ಕೊಂದಾವ ನಾನಪಾ."

ಅವನು ಕೈಗೆ ಸಿಕ್ಕ ಕಬ್ಬಿಣದ ಪಾನಾದಿಂದ ಹೊಡೆದ. ಹುಬ್ಬು ಒಡೆಯಿತು. ಬಿದ್ದ ನಿನ್ನನ್ನು ಒದ್ದ. ನೀನು ಕೈ ಅಡ್ಡ ತರಲಿಲ್ಲ, ಬಿಡಿಸಲು ಬಂದವರನ್ನೂ ಬೇಡವೆಂದು ತಡೆದೆ. ಅವನು ಅಳುತ್ತಾ ಹೊಡೆಯುತ್ತಿದ್ದ. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ಅವನು ಹೋದ ಮೇಲೆ ನಿನ್ನ ಮುಖಕ್ಕೆ ನೀರು ಹಾಕಿದೆ. "ನೀ ಹೆದರಬ್ಯಾಡ, ನಿನ್ನ ಹೆಸರು ಬರಂಗಿಲ್ಲ" ಎಂದೆ ನೀನು, ರಕ್ತ ಉಗುಳುತ್ತಾ.

ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದ್ದೇನೆ. ಆ ಶಬ್ದ ಬಳಸುವ ಹಕ್ಕೂ ನನಗಿಲ್ಲ.

ಇದನ್ನು ನಿನ್ನ ಟೇಬಲ್ಲಿನ ಮೇಲಿಟ್ಟು ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಮೊದಲು ಆ ಹುಡುಗನ ತಾಯಿಯ ಬಳಿಗೆ, ಅಲ್ಲಿ ಏನಾದರೂ ಆಗಲಿ, ಉಳಿದರೆ ಠಾಣೆಗೆ. ಮಾಲತೇಶ, ಒಂದೇ ಮಾತು. ನನ್ನನ್ನು ಬಿಡಿಸಿಕೊಳ್ಳಲು ಬರಬೇಡ. ಇಷ್ಟೆಲ್ಲ ಓದಿದ ಮೇಲೂ ನೀನು ಬರುವವನೇ — ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಬರಬೇಡ.