ನೂಲು ಕಟ್ಟದ ಜಾಯಿಂಟು

ವಿಠೋಬಣ್ಣನ ಅಂಗಿಯ ಜೇಬಿನಲ್ಲಿ ಟೆಸ್ಟರ್ ಇರುತ್ತಿತ್ತೋ ಇಲ್ಲವೋ, ಬಲೆ ಹೆಣೆಯುವ ನೂಲಿನ ಉಂಡೆ ಮಾತ್ರ ಇದ್ದೇ ಇರುತ್ತಿತ್ತು. ಎರಡು ವಾಯರು ಕೂಡಿಸಿ ಟೇಪು ಸುತ್ತಿದ ಮೇಲೆ ಉಳಿದ ಮೆಕ್ಯಾನಿಕರು ಕೈ ಒರೆಸಿಕೊಂಡು ಏಳುತ್ತಾರೆ. ಇವನ ಅರ್ಧ ಕೆಲಸ ಅಲ್ಲಿಂದ ಸುರುವಾಗುತ್ತಿತ್ತು. ಮೊಳದುದ್ದ ನೂಲು ಬಿಚ್ಚಿ, ಟೇಪಿನ ಮೇಲೆ ಒತ್ತೊತ್ತಾಗಿ ಸುತ್ತಿ, ಬಲೆಗೆ ಹಾಕುವಂಥ ಗಂಟು ಹಾಕಿ, ಮಿಕ್ಕ ತುದಿಯನ್ನು ಹಲ್ಲಿನಿಂದ ಕಡಿಯುತ್ತಿದ್ದ.

"ನಮ್ಮ ಕಡೆದು ಉಪ್ಪು ಗಾಳಿ ಡಾಕ್ಟ್ರೆ. ಟೇಪಿನ ಗೋಂದನ್ನ ನಾಕ್ ತಿಂಗ್ಳಲ್ಲಿ ತಿಂದ್ ಹಾಕ್ತದೆ. ನೂಲು ತಿನ್ನೂಕೆ ಅದಕ್ಕೆ ಹಲ್ಲಿಲ್ಲ" ಎನ್ನುತ್ತಿದ್ದ.

ನನ್ನ ಮನೆ ಕಾರವಾರದಲ್ಲಿ, ದವಾಖಾನೆ ಅಂಕೋಲೆಯಲ್ಲಿ. ದಿನಾ ಹೋಗಿ ಬರುವ ದಾರಿಯಲ್ಲಿ, ಅರ್ಗಾದ ಹೆದ್ದಾರಿಯ ಪಕ್ಕ, ಗಾಡಿಗಳ ವಾಯರಿಂಗ್ ಮಾಡುವ ವಿಠೋಬಣ್ಣನ ತಗಡಿನ ಶೆಡ್ಡು. ನನ್ನದು ಮೂರನೆಯವರ ಕೈಯಿಂದ ಬಂದ ಹಳೆಯ ಬಿಳಿ ಕಾರು. ಅದಕ್ಕೆ ಹುಟ್ಟಿನಿಂದ ಏಸಿ ಇರಲಿಲ್ಲ. ಬಿಣಗಾ ಘಾಟಿ ಇಳಿಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿ, ದವಾಖಾನೆಗೆ ಮುಟ್ಟುವಾಗ ನಾನೇ ರೋಗಿಯ ಹಾಗೆ ಕಾಣುತ್ತಿದ್ದೆ. ಅದನ್ನು ನೋಡಲಾರದೆ ಅವನು ಎಲ್ಲೆಲ್ಲಿಂದಲೋ ಕಂಪ್ರೆಸರು, ಪೈಪು, ಫ್ಯಾನು ಹೊಂದಿಸಿ, ಒಂದು ವಾರ ಬಗ್ಗಿ ಎದ್ದು ಏಸಿ ಕೂಡಿಸಿಕೊಟ್ಟ. ಅದರ ಒಂದೊಂದು ವಾಯರೂ ಅವನಿಗೆ ಬಾಯಿಪಾಠ. ಒಂದೊಂದು ಜಾಯಿಂಟಿಗೂ ನೂಲು.

ಗಾಡಿ ತಂದವರ ಎದುರು ಅವನು ಥಟ್ಟನೆ ಬಾನೆಟ್ ಎತ್ತುತ್ತಿರಲಿಲ್ಲ. ಮೊದಲು ಒಂದು ಸ್ಟೂಲು ಕೊಟ್ಟು ಕೂರಿಸುತ್ತಿದ್ದ. ಸ್ಟಾರ್ಟ್ ಆಗದಿರುವುದು ಬೆಳಿಗ್ಗೆ ಮಾತ್ರವೋ, ಬಿಸಿ ಇದ್ದಾಗಲೂವೋ? ಕೀಲಿ ತಿರುಗಿಸಿದರೆ ಬರೀ 'ಟಕ್' ಅನ್ನುತ್ತದೋ, 'ಟಕಟಕಟಕ' ಅನ್ನುತ್ತದೋ? ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಿದಾಗ ಲೈಟು ಸಾಯುತ್ತದೋ, ಹಾಗೇ ಉರಿಯುತ್ತದೋ? ಲೈಟು ಸತ್ತರೆ ಬ್ಯಾಟರಿಯ ಕಡೆ ಹುಡುಕಬೇಕು, ಉರಿದರೆ ಸ್ಟಾರ್ಟರಿನ ಕಡೆ. ಇಷ್ಟೆಲ್ಲ ಕೇಳಿ, ಕೊನೆಗೆ ಕನ್ನಡಕ ಹಣೆಗೇರಿಸಿ ಒಂದು ಪ್ರಶ್ನೆ ಹಾಕುತ್ತಿದ್ದ. "ಖರೇ ಹೇಳಿ, ಬೇರೆ ಯಾರರೂ ಕೈ ಹಾಕಿದ್ರಾ? ಹಾಕಿದ್ರೆ ಬೇಜಾರಿಲ್ಲ. ಹೇಳ್ದಿದ್ರೆ ಮಾತ್ರ ನಾ ದಾರಿ ತಪ್ತೆ."

ಮೊದಲ ಸಲ ಇದನ್ನು ಕೇಳಿದಾಗ ನನಗೆ ಖುಷಿಯೋ ಖುಷಿ. ನಾನೂ ರೋಗಿಗಳಿಗೆ ಇದನ್ನೇ ಕೇಳುವವನು. ಬೇರೆ ಡಾಕ್ಟರರ ಔಷಧಿ ತಿಂದು, ಅದನ್ನು ಮುಚ್ಚಿಟ್ಟು ನನ್ನ ಮುಂದೆ ಬಂದು ಕೂತವರನ್ನು ಹೇಗೆ ಬಯ್ಯುತ್ತೇನೆ ಎಂದು ಅದೇ ಸ್ಟೂಲಿನ ಮೇಲೆ ಕೂತು ಅಭಿನಯಿಸಿ ತೋರಿಸಿದ್ದೆ. ವಿಠೋಬಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಬರೋಬರ್ ಡಾಕ್ಟ್ರೆ! ನಿಮ್ದೂ ನಂದೂ ಒಂದೇ ಕಸುಬು. ನೀವೂ ನೂಲು ಹಾಕ್ತ್ರಿ, ನಾನೂ ನೂಲು ಹಾಕ್ತೆ." ಅಂದಿನಿಂದ ಅವನು ನನ್ನನ್ನು ತನ್ನ ಜಾತಿಯವನೆಂದೇ ತಿಳಿದ.

ಅವನ ತಾಯಿಗೆ ಕೊನೆಯ ಮೂರು ವರ್ಷ ನಾನೇ ಔಷಧಿ ಕೊಟ್ಟಿದ್ದು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ಮನೆಯ ದಾರಿ. ಕಡೆಕಡೆಗೆ ಊಟ ಬಡಿಸುವ ಮಗನನ್ನೇ ನೋಡಿ, "ನೀ ಯಾರ ಮನೆ ಪೋರ? ನಿನ್ನ ಆಯಿ ಹುಡುಕ್ತಿರಬೇಕು, ಮನೆಗೆ ಹೋಗು" ಎನ್ನುತ್ತಿದ್ದಳು. ನಾನು ಹೋದಾಗಲೆಲ್ಲ ಅವಳ ಕೈ ಹಿಡಿದು, "ಏನೂ ಆಗ್ಲಿಲ್ಲ ಆಯಿ, ಒಂದು ವಾರದಲ್ಲಿ ಎಲ್ಲ ನೆನಪಾಗ್ತದೆ" ಎಂದು ಹೇಳಿ ಬರುತ್ತಿದ್ದೆ. ವಿಠೋಬಣ್ಣ ಬಾಗಿಲಾಚೆ ನಿಂತಿರುತ್ತಿದ್ದ.

ಎರಡು ಸಾವಿರದ ಐದೋ ಆರೋ, ಒಂದು ಮೇ ತಿಂಗಳು ಮದುವೆಗೆಂದು ಮಡಗಾಂವಿಗೆ ಹೋಗಿದ್ದೆವು. ಅಲ್ಲಿ ಏಸಿ ಕೈ ಕೊಟ್ಟಿತು. ಒಮ್ಮೆ ತಂಪು, ಒಮ್ಮೆ ಬಿಸಿ. ರೇಷ್ಮೆ ಸೀರೆಯಲ್ಲಿ ಬೇಯುತ್ತಿದ್ದ ಹೆಂಡತಿ, "ನಿಮ್ಮ ವಿಠೋಬಣ್ಣ ಬರೂವರೆಗೆ ನಾನು ಇಲ್ಲೇ ಕರಗ್ತೆ" ಎಂದಳು. ರಸ್ತೆ ಬದಿಯ ಒಂದು ಅಂಗಡಿಗೆ ಒಯ್ದೆ. ಅಲ್ಲಿಯ ಹುಡುಗರು ಅರ್ಧ ತಾಸಿನಲ್ಲಿ ಬ್ಯಾಟರಿಯಿಂದ ಒಂದು ಹೊಸ ವಾಯರೆಳೆದು, ನಡುವೆ ಕರೆಂಟು ಬಿಟ್ಟು ಕಡಿಯುವ ಒಂದು ರಿಲೇ ಕೂಡಿಸಿ, ಕಂಪ್ರೆಸರಿನ ಮ್ಯಾಗ್ನೆಟ್ಟಿಗೆ ನೇರ ಕನೆಕ್ಷನ್ ಕೊಟ್ಟರು. ತಂಪೆಂದರೆ ತಂಪು. ಸಂತೋಷದಿಂದಲೇ ಊರಿಗೆ ಬಂದೆವು.

ಮಳೆ ಹಿಡಿಯುವ ಮುಂಚೆಯೇ ಹೊಸ ರಗಳೆ ಸುರುವಾಯಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಬರೀ ಟಕಟಕ. ಅಕ್ಕಪಕ್ಕದವರಿಂದ ತಳ್ಳಿಸಿ, ಹಾಗೂ ಹೀಗೂ ಅರ್ಗಾಕ್ಕೆ ಮುಟ್ಟಿಸಿದೆ. ಸ್ಟೂಲು ಬಂತು, ಪ್ರಶ್ನೆಗಳು ಬಂದವು, ಕನ್ನಡಕ ಹಣೆಗೇರಿತು. "ಬೇರೆ ಯಾರರೂ ಕೈ ಹಾಕಿದ್ರಾ?"

"ಇಲ್ಲ" ಎಂದೆ.

ಯಾಕೆ ಹಾಗೆಂದೆ? ಅವನು ಬಯ್ಯುವವನಲ್ಲ. ಆದರೆ ಅದೇ ಸ್ಟೂಲಿನ ಮೇಲೆ ಕೂತು ಜಂಬ ಕೊಚ್ಚಿದವನು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅವನು ಮನಸ್ಸಿನಲ್ಲಾದರೂ ಅಂದುಕೊಂಡಾನು ಎಂದು ನಾಚಿಕೆಯಾಯಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ನನಗೆ ಇಂದಿಗೂ ಸಿಕ್ಕಿಲ್ಲ.

ದಿನಾ ಬೆಳಿಗ್ಗೆ ನಾನು ತಳ್ಳಿಸಿಕೊಂಡು ತರುತ್ತಿದ್ದೆ, ಅವನು ಹೀಗೆ ಮೂರು ದಿನ ಒದ್ದಾಡಿದ. ಬ್ಯಾಟರಿ ಚಾರ್ಜ್ ಮಾಡಿ ನೋಡಿದ, ಗಟ್ಟಿಯಾಗಿಯೇ ಇತ್ತು. ಸ್ಟಾರ್ಟರ್ ಬಿಚ್ಚಿ ಒಳಗಿನ ಕಾರ್ಬನ್ ತಿಕ್ಕಿ ಕೂಡಿಸಿದ. ಗಾಡಿ ಬಂದ್ ಇದ್ದಾಗ ಕರೆಂಟು ಎಲ್ಲಾದರೂ ಸೋರುತ್ತಿದೆಯೋ ಎಂದು ಬ್ಯಾಟರಿಯ ಒಂದು ಕೊಂಡಿ ಕಳಚಿ, ನಡುವೆ ಸಣ್ಣ ಬಲ್ಬು ಸಿಕ್ಕಿಸಿ ನೋಡಿದ. ಸೋರಿದರೆ ಬಲ್ಬು ಹೊತ್ತಬೇಕು. ಹೊತ್ತಲಿಲ್ಲ. ಏಸಿಯ ವಾಯರುಗಳ ಕಡೆ ಅವನು ಕೈ ಹಾಕಲೇ ಇಲ್ಲ. ಅದು ತಾನೇ ಮಾಡಿದ್ದು, ಬೇರೆಯವರು ಮುಟ್ಟಿಲ್ಲ, ಮತ್ತೆ ನೋಡುವುದೇನು?

ನಾಲ್ಕನೆಯ ದಿನ ಮಧ್ಯಾಹ್ನ, ಸುಡುಬಿಸಿಲಿನಲ್ಲಿ ಏಸಿ ಹಾಕಿಕೊಂಡು ಬರಲು ಹೇಳಿದ. ನಿಲ್ಲಿಸಿದ ಕೂಡಲೇ ಬಲ್ಬು ಸಿಕ್ಕಿಸಿದ. ಝಗ್ಗನೆ ಹೊತ್ತಿತು! ಫ್ಯೂಜು ಒಂದೊಂದೇ ಕಿತ್ತ. ಬಲ್ಬು ಆರಲಿಲ್ಲ. ಫ್ಯೂಜು ದಾಟಿ ಬ್ಯಾಟರಿಯಿಂದ ನೇರ ಬಂದ ವಾಯರೇನೋ ಇದೆ ಎಂದು ಬಗ್ಗಿ, ಹೆಡ್‌ಲೈಟಿನ ಹಿಂದೆ ಕೈ ತೂರಿಸಿ ತಡಕಿದ. ಮಡಗಾಂವಿನ ಆ ರಿಲೇ ಕಾವಿಗೆ ಒಳಗೊಳಗೇ ಅಂಟಿಕೊಂಡು, ಗಾಡಿ ಬಂದ್ ಮಾಡಿದರೂ ಬಿಡದೆ, ರಾತ್ರಿಯಿಡೀ ಸದ್ದಿಲ್ಲದೆ ಬ್ಯಾಟರಿ ಕುಡಿಯುತ್ತಿತ್ತು. ಬೆಳಿಗ್ಗೆ ಗಾಡಿ ತಳ್ಳುವಾಗಿನ ಕುಲುಕಾಟಕ್ಕೆ ಬಿಟ್ಟುಕೊಳ್ಳುತ್ತಿದ್ದುದರಿಂದ ಶೆಡ್ಡಿಗೆ ಬಂದಾಗ ಸಿಕ್ಕಿರಲಿಲ್ಲ.

"ಸಿಕ್ತು!" ಎಂದು ಕೂಗಿ ವಾಯರನ್ನು ಹೊರಗೆಳೆದ. ಬೆಳಕಿಗೆ ಹಿಡಿದು ನೋಡಿದ. ಬರೀ ಟೇಪು. ನೂಲಿಲ್ಲ.

"ಡಾಕ್ಟ್ರೆ, ಈ ಜಾಯಿಂಟು ಯಾರ್ದು?"

ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ನಾನು ವಾಚು ನೋಡಿಕೊಳ್ಳುತ್ತ, "ನಿಂದೇ ಅಲ್ವಾ ವಿಠೋಬಣ್ಣ? ಮತ್ಯಾರು ಮುಟ್ತಾರೆ?" ಎಂದೆ.

"ನಂದೇ?" ಎಂದ. ಮತ್ತೆ ಅದನ್ನು ತಿರುಗಿಸಿ ನೋಡಿದ. "ಈ ರಿಲೇ ಹಾಕಿದ್ದು ನೆನಪೇ ಇಲ್ಲ. ನೂಲು ಕಟ್ಟೂಕೆ ಮರ್ತದ್ದು ಇಷ್ಟು ವರ್ಷದಲ್ಲಿ ಇದೇ ಮೊದ್ಲು." ಆ ವಾಯರನ್ನು ರಿಲೇ ಸಮೇತ ಕಿತ್ತು ಬಿಸಾಡಿದ. ಅದು ಹೋದ ಮೇಲೆ ಏಸಿ ಮತ್ತೆ ಒಮ್ಮೆ ತಂಪು, ಒಮ್ಮೆ ಬಿಸಿ ಆಗುವುದು ತನ್ನದೇ ಹಳೆಯ ಸ್ವಿಚ್ಚಿನಿಂದ ಎಂದು ಹುಡುಕಿ, ಹೊಸದು ಹಾಕಿ, ನೂಲು ಕಟ್ಟಿಕೊಟ್ಟ. ಹಾಕಿದ ಗಂಟನ್ನು ಎರಡೆರಡು ಸಲ ಎಳೆದು ನೋಡಿದ. ಆಗಲಾದರೂ ಹೇಳಬಹುದಿತ್ತು. ನಾನು ಕಾರು ಹತ್ತಿ ಅಂಕೋಲೆಗೆ ಹೋದೆ, ಏಸಿ ಹಾಕಿಕೊಂಡು.

ಹದಿನೈದು ದಿನದ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ವಿಠೋಬಣ್ಣ ದವಾಖಾನೆಗೆ ಬಂದ. ಚೀಟಿ ಮಾಡಿಸಿ, ಬಾಕಿಯವರ ಜೊತೆ ಸಾಲಿನಲ್ಲಿ ಕೂತಿದ್ದ. ಒಳಗೆ ಬಂದವನು ಬಾಗಿಲು ಹಾಕಿಕೊಂಡ.

"ನನ್ನ ತಲೆ ಒಂಚೂರು ನೋಡಿ ಡಾಕ್ಟ್ರೆ. ಆಯಿಗೂ ಸುರುವಾದ್ದು ಹಿಂಗೇ ಅಲ್ರಾ? ಮೊದ್ಲು ಒಲೆ. ನಂಗೆ ಈಗ ನೂಲು."

ಇಂದಿನ ವಾರ ಕೇಳಿದೆ, ನೂರರಿಂದ ಏಳೇಳು ಕಳೆಯಲು ಹೇಳಿದೆ, ಮೂರು ವಸ್ತುಗಳ ಹೆಸರು ಹೇಳಿ ಹತ್ತು ನಿಮಿಷದ ಮೇಲೆ ಕೇಳಿದೆ. ಎಲ್ಲ ಸರಿ. ನನ್ನ ಕಾರಿನ ಬ್ಯಾಟರಿ ಯಾವ ಯಾವ ಹಬ್ಬದ ಹೊತ್ತಿಗೆ ಬದಲಿಸಿದ್ದು ಎಂಬುದನ್ನೂ ಕೇಳದೆ ಹೇಳಿದ. "ನಿನಗೆ ಏನೂ ಆಗಿಲ್ಲ" ಎಂದೆ.

"ಹಂಗಾದ್ರೆ ಆ ಜಾಯಿಂಟು?"

ನನ್ನ ನಾಲಿಗೆಯ ತುದಿಗೆ ಮಡಗಾಂವು ಬಂದಿತ್ತು. ಆದರೆ ಒಂದು ಸುಳ್ಳಿನಿಂದ ಒಬ್ಬ ಮನುಷ್ಯ ಇಲ್ಲಿಯವರೆಗೆ ನಡೆದು ಬಂದಿದ್ದಾನೆ ಎಂದು ಕಂಡಾಗ ಅದನ್ನು ಒಪ್ಪಿಕೊಳ್ಳುವುದು ಮೊದಲಿಗಿಂತ ಕಷ್ಟವಾಯಿತು. "ವಯಸ್ಸಾಯ್ತಲ್ಲ, ಒಂದೆರಡು ಮರೀತದೆ" ಎಂದು ಹೇಳಿ, ಶಕ್ತಿಯ ಕೆಂಪು ಗುಳಿಗೆ ಬರೆದುಕೊಟ್ಟೆ. ದಿನಕ್ಕೊಂದು, ಊಟದ ಮೇಲೆ. ಅವನು ಚೀಟಿಯನ್ನು ಎರಡು ಮಡಿಕೆ ಮಾಡಿ ನೂಲಿನ ಉಂಡೆಯ ಜೇಬಿನಲ್ಲಿಟ್ಟುಕೊಂಡ.

ಆಮೇಲೆ ಅವನು ವಾಯರಿಂಗ್ ಕೆಲಸ ಬಿಟ್ಟ. ಬ್ಯಾಟರಿಗೆ ನೀರು ಹಾಕುವುದು, ಚಾರ್ಜ್ ಮಾಡುವುದು ಅಷ್ಟೇ. ಏಸಿ ಎಂದು ಬಂದವರನ್ನು ಕಾರವಾರಕ್ಕೆ ಕಳಿಸುತ್ತಿದ್ದ. "ಹೆಂಗಸ್ರು ಮಕ್ಳು ಕೂತ್ಕಂಡು ಹೋಗೂ ಗಾಡಿ. ನಾ ಒಂದು ಮರ್ತ್ರೆ ಬೆಂಕಿ ಹತ್ತೂದು ಅವ್ರಿಗೆ" ಎನ್ನುತ್ತಿದ್ದ. ಮರುವರ್ಷ ಶೆಡ್ಡಿಗೆ ಬೀಗ ಹಾಕಿ ಕದ್ರಾದಲ್ಲಿರುವ ಮಗಳ ಮನೆಗೆ ಹೋದ. ಅಳಿಯನಿಗೆ ಅಲ್ಲಿಯ ಪವರ್ ಹೌಸಿನಲ್ಲಿ ಕೆಲಸ. ದಿನಾ ಎರಡು ಸಲ ಆ ಬೀಗದ ಮುಂದೆ ಹಾದುಹೋಗುವಾಗ ನಾನು ಸಮುದ್ರದ ಕಡೆ ಮುಖ ಮಾಡುತ್ತಿದ್ದೆ.

ಒಂದು ಭಾನುವಾರ ತಡೆಯಲಾರದೆ ಕದ್ರಾಕ್ಕೆ ಹೋದೆ. ಜಗಲಿಯ ಮೇಲೆ ಕೂತಿದ್ದ, ತುಸು ಇಳಿದುಹೋಗಿದ್ದ. ಮಗಳು ಚಾ ತರಲು ಒಳಗೆ ಹೋದಳು.

"ವಿಠೋಬಣ್ಣ, ಆ ಜಾಯಿಂಟು ನಿಂದಲ್ಲ. ಮಡಗಾಂವದಲ್ಲಿ ಮಾಡಿಸಿದ್ದೆ. ನಾನು ಸುಳ್ಳು ಹೇಳ್ದೆ" ಎಂದೆ.

ಅವನು ಕನ್ನಡಕ ಹಣೆಗೇರಿಸಿದ. "ಯಾವಾಗ?"

"ಮೇ ತಿಂಗಳು. ಮದುವೆಗೆ ಹೋದಾಗ."

"ಯಾರ ಅಂಗಡಿ?"

ಎಷ್ಟು ತಿಣುಕಿದರೂ ಆ ಅಂಗಡಿಯ ಹೆಸರು ಬರಲಿಲ್ಲ. "ನೆನಪಿಲ್ಲ" ಎಂದೆ.

ವಿಠೋಬಣ್ಣ ನಕ್ಕ. ಮೊದಲಿನಂತೆಯೇ, ಹೊಟ್ಟೆ ಹಿಡಿದುಕೊಂಡು. "ಕಥೆ ಕಟ್ಟೂಕೂ ಬರೂದಿಲ್ಲ ನಿಮ್ಗೆ. ನೀವು ಒಳ್ಳೆವ್ರು ಡಾಕ್ಟ್ರೆ. ನಮ್ಮ ಆಯಿಗೂ ಹಿಂಗೇ ಹೇಳ್ತಿದ್ರಿ, ಒಂದ್ ವಾರದಲ್ಲಿ ಎಲ್ಲ ನೆನಪಾತದೆ ಅಂತ. ಪಾಪ, ಅದು ನಂಬ್ತಿತ್ತು. ನಾ ಬಾಗ್ಲಾಚೆ ನಿಂತು ಕೇಳ್ತಿದ್ದೆ."

ದೇವರಾಣೆ ಹಾಕಿದೆ. "ಆಣೆ ಗೀಣೆ ಬೇಡ, ಚಾ ಕುಡೀರಿ" ಎಂದ. ತೋರಿಸೋಣವೆಂದರೆ ಕಾರಿನಲ್ಲಿ ಈಗ ಸಾಕ್ಷಿಯೂ ಇರಲಿಲ್ಲ. ಆ ಜಾಯಿಂಟನ್ನು ಅವನೇ ಕಿತ್ತು ಬಿಸಾಡಿದ್ದ. ಹೊರಡುವಾಗ ಗೇಟಿನವರೆಗೆ ಬಂದ. ಗಾಡಿ ಸ್ಟಾರ್ಟ್ ಆಗುವ ಸದ್ದನ್ನು ತಲೆ ವಾಲಿಸಿ ಕೇಳಿದ. "ಚಲೋ ಅದೆ" ಎಂದ. ಬಾನೆಟ್ಟಿಗೆ ಕೈ ತಾಗಿಸಲಿಲ್ಲ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ನಾನು ಅವನನ್ನು ನೋಡಿದ್ದು ಅದೇ ಕೊನೆ. ಮುಂದಿನ ಮಳೆಗಾಲದಲ್ಲಿ ಎದೆನೋವಿನಿಂದ ತೀರಿಹೋದ ಎಂದು ತಡವಾಗಿ ತಿಳಿಯಿತು. ಕ್ರಿಯೆಯೆಲ್ಲ ಮುಗಿದ ಮೇಲೆ ಅವನ ಮಗಳು ಅಂಕೋಲೆಗೆ ಬಂದವಳು ದವಾಖಾನೆಯೊಳಗೂ ಬಂದಳು. ಹೇಗೆ ಕೇಳಬೇಕೆಂದು ತಿಳಿಯದೆ, "ಕಡೆಗೆ ಮರೆವು ಜಾಸ್ತಿಯಾಗಿತ್ತಾ?" ಎಂದೆ.

"ಎಂತ ಮರೆವು ಡಾಕ್ಟ್ರೆ? ಒಂದೂ ಮರೀಲಿಲ್ಲ. ಆದ್ರೆ ಹೆದ್ರಿಕೆ. ದಿನಾ ಬೆಳಿಗ್ಗೆ ಎದ್ದವ್ರು ಹಾಸಿಗೆ ಮೇಲೇ ಕೂತ್ಕಂಡು ನನ್ನ ಹೆಸ್ರು, ಅಳಿಯನ ಹೆಸ್ರು, ಮೊಮ್ಮಕ್ಕಳ ಹೆಸ್ರು ಒಂದ್ಸಲ ಹೇಳ್ಕಂತಿದ್ರು, ನೆನಪು ಉಳಿದದ್ಯಾ ನೋಡೂಕೆ. ಎಲ್ಲ ಬಂದ್ರೆ ಆಮೇಲೆ ಮುಖ ತೊಳ್ಯೂಕೆ ಹೋಗೂದು." ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು, "ನೀವು ಕೊಟ್ಟ ಕೆಂಪು ಗುಳಿಗೆನೂ ಒಂದ್ ದಿನ ತಪ್ಪಿಸ್ಲಿಲ್ಲ. ಡಾಕ್ಟ್ರು ಕೊಟ್ಟದ್ದಕ್ಕೇ ಇಷ್ಟಾದ್ರೂ ಉಳ್ದದೆ ಅಂತಿದ್ರು."