ದಮ್ಮಡಿಯ ಮೇಲಿನ ಅಂಗೈ

ಫ್ರಾನ್ಸಿನ ಒಂದು ಸಣ್ಣ ಊರು. ನಮ್ಮನ್ನು ಇಳಿಸಿದ್ದ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಆ ಮುಂಜಾನೆ ಮೂವರಿದ್ದೆವು. ದಮ್ಮಡಿ ಬಾರಿಸುವ ಅಫಜಲಪುರದ ಮಾವ, ಹಾರ್ಮೋನಿಯಂ ನುಡಿಸುವ ಜೇವರ್ಗಿ ಕಡೆಯ ಕಾಕಾ, ಮಾದನಹಿಪ್ಪರಗಾದಿಂದ ಏಕತಾರಿ ಹಿಡಿದು ಹೋಗಿದ್ದ ನಾನು. ಅಲ್ಲಿನ ಸಂಗೀತ ಉತ್ಸವಕ್ಕೆ ತತ್ವಪದ ಹಾಡಲು ಕರೆಸಿದ್ದರು. ನಾಲ್ಕನೆಯ ಕುರ್ಚಿ ಇರಾಕಿನ ಕೊಳಲುಗಾರನದು, ಅವನಿನ್ನೂ ಬಂದಿರಲಿಲ್ಲ.

ಅವನು ನಮಗೆ ದೋಸ್ತನಾದದ್ದು ಆ ಮೇಜಿನ ಮುಂದೆಯೇ. ಅವನಿಗೆ ಕನ್ನಡ ಬಾರದು, ನಮಗೆ ಅರಬ್ಬಿ ಬಾರದು. ಆದರೆ ಕುರ್ಸಿ, ಸಾಬೂನು, ಚಾಯ್, ದುನಿಯಾ ಎಂಬಂಥ ಮಾತುಗಳು ಎರಡೂ ಕಡೆ ಇದ್ದವು. ಅಷ್ಟರಲ್ಲೇ ಮಾವ ಅವನ ಜೊತೆ ತಾಸುಗಟ್ಟಲೆ ಹರಟುತ್ತಿದ್ದ. ನಮ್ಮ ಖಡಕ್ ರೊಟ್ಟಿಯನ್ನು ಅವನು ಚಹಾದಲ್ಲಿ ಅದ್ದಿದಾಗ ಮಾವ ಹಣೆ ಬಡಿದುಕೊಂಡಿದ್ದ. “ಅಲ್ಲೋ ದೋಸ್ತ, ಅದೇನ್ ಬಿಸ್ಕೀಟೇನೋ! ಶೇಂಗಾ ಹಿಂಡಿ ಹಚ್ಕೊಂಡ್ ತಿನ್ನು.”

ಕಾಕಾ ಮಾತ್ರ ನಗುವಿಗೆ ಬಾಯಿ ತೆರೆಯುತ್ತಿದ್ದುದು ಕಡಿಮೆ. ಊರಲ್ಲಿ ಅವನ ಹೆಂಡತಿ, ನಮ್ಮ ಕಾಕಿಯ ಕಿಡ್ನಿಗಳು ಕೈಕೊಟ್ಟಿದ್ದವು. “ಹೋಗಿ ಬರ್ರಿ, ನೀವು ಬರೋತನ ನಾ ಎಲ್ಲಿ ಹೋಗ್ತೇನಿ” ಎಂದು ಆಕೆಯೇ ಕಳಿಸಿದ್ದಳು. ದಿನಾ ಮುಂಜಾನೆ ಫೋನು ಹಚ್ಚಿ ಆಕೆಯ ದನಿ ಕೇಳಿದ ಮೇಲೆಯೇ ಕಾಕಾ ಚಹಾ ಮುಟ್ಟುತ್ತಿದ್ದ.

ಕೊಳಲುಗಾರ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಫೋನು. “ಉಮ್ಮಿ” ಎಂದ. ಅಮ್ಮಿ ಎಂದು ಕರೆಯುವ ಮನೆಗಳ ಪಕ್ಕದಲ್ಲೇ ಬೆಳೆದವರು ನಾವು. ಅವನ ಮುಖ ನೋಡಿದ ಮೇಲೆ ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವರಲ್ಲಿ ಅದೇ ದಿನ ಮಣ್ಣು ಮಾಡುತ್ತಾರೆ. ವಿಮಾನ ಹತ್ತಿದರೂ ಮುಟ್ಟುವಂತಿರಲಿಲ್ಲ. ತಿರುಗಿ ತನ್ನ ಕೋಣೆಗೆ ಹೋದ.

ಕಾಕಾ ಎದ್ದ. “ದಮ್ಮಡಿ ತಗೋ.”

“ಈಗೇನ್ ಕಾಕಾ?” ಎಂದ ಮಾವ.

“ತಾಯಿ ಸತ್ತಾಳಲೇ. ಪರದೇಶದಾಗ ಒಬ್ನ ಕುಂತಾನ. ಹಾಡ್ಲಾರದ ಕುಂದ್ರಾಕ ನಮಗೇನ್ ಬಾಯಿ ಇಲ್ಲೇನು?”

ನಮ್ಮ ಕಡೆ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಎತ್ತುವವರೆಗೂ ಎದುರಿಗೆ ಭಜನೆ ಮಾಡುತ್ತಾರೆ. ಭಜನೆಯಿಲ್ಲದೆ ಹೋದ ಹೆಣವೆಂದರೆ ದಿಕ್ಕಿಲ್ಲದ ಹೆಣ. ಎಷ್ಟೋ ಮನೆಗಳಲ್ಲಿ ಕಾಕಾ ಹಾಗೆ ಹಾಡಿದ್ದಾನೆ, ಕರೆಯದೆಯೂ ಹೋಗಿ ಹಾಡಿದ್ದಾನೆ.

ಕೋಣೆಯಲ್ಲಿ ನೆಲದ ಮೇಲೆ ಕೂತು ಶುರು ಮಾಡಿದೆವು. ಅವನು ಮಂಚದ ಮೇಲಿದ್ದ. ಒಂದು ನುಡಿ ಮುಗಿಯುವುದರೊಳಗೆ ಇಳಿದು ಬಂದು ಮಾವನ ದಮ್ಮಡಿಯ ಮೇಲೆ ಅಂಗೈ ಒತ್ತಿ ಹಿಡಿದ. ಕಾಕಾನ ದನಿ ಮಾತ್ರ ಇನ್ನೊಂದು ಸಾಲು ಮುಂದೆ ಹೋಗಿ ನಿಂತಿತು. ಅವನು ನಮ್ಮನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡ.

ಉತ್ಸವದವರ ದುಭಾಷಿ ಹುಡುಗಿ ಬಂದು ತಿಳಿಸಿ ಹೇಳಿದಳು. ಅವನ ಊರಲ್ಲಿ ಸಾವಾದ ಮನೆಯಲ್ಲಿ ವಾದ್ಯಗಳಿಗೆ ಬಟ್ಟೆ ಸುತ್ತಿಡುತ್ತಾರಂತೆ. ಬಹಳ ದಿನ ಆ ಮನೆಯಲ್ಲಿ ಹಾಡೇ ಇರುವುದಿಲ್ಲವಂತೆ. ನೆರೆಮನೆಯವರೂ ಟಿ.ವಿ. ದನಿ ತಗ್ಗಿಸುತ್ತಾರಂತೆ.

“ಹಾಡ್ಲಿಲ್ಲಂದ್ರ ಹೆಂಗ್ ತಡ್ಕೋತಾರವ್ವ?” ಎಂದು ಕಾಕಾ ಕೇಳಿದ. ಮಧ್ಯಾಹ್ನ ಎರಡು ರೊಟ್ಟಿ, ಒಂದು ಲೋಟ ಚಹಾ ತೆಗೆದುಕೊಂಡು ಕಾಕಾ ಒಬ್ಬನೇ ಆ ಬಾಗಿಲು ಬಡಿದ. ತೆರೆಯಿತು. ಬಹಳ ಹೊತ್ತು ಒಳಗಿದ್ದ; ಒಂದು ಮಾತೂ ಹೊರಗೆ ಕೇಳಲಿಲ್ಲ. ಬಂದವನು, “ಚಾದಾಗ ಅದ್ದಿ ತಿಂದ” ಎಂದಷ್ಟೇ ಹೇಳಿದ. ಈ ಸಲ ಮಾವ ಹಣೆ ಬಡಿದುಕೊಳ್ಳಲಿಲ್ಲ.

ಅಂದು ಸಂಜೆ ಕೊಳಲುಗಾರ ವೇದಿಕೆ ಹತ್ತಲಿಲ್ಲ. ಮರುದಿನ ಹೊರಡುವಾಗ ಒಬ್ಬೊಬ್ಬರ ಮುಂದೆಯೂ ಎದೆಯ ಮೇಲೆ ಕೈಯಿಟ್ಟು ನಿಂತು ಹೋದ. ಕೊಳಲಿಗೆ ಅವನ ಅಂಗಿ ಸುತ್ತಿತ್ತು.

ನಮ್ಮ ತಿರುಗಾಟ ಮುಗಿದು ವಾಪಸು ಬರುವಾಗ ವಿಮಾನ ಬದಲಿಸುವಲ್ಲಿ ಕಾಕಾನ ಮಗನ ಫೋನು ಬಂತು. ಕಾಕಾ ಕೇಳಿಸಿಕೊಂಡ. “ಎಷ್ಟೊತ್ತಿಗೆ ಎತ್ತತೀರಿ?” ಎಂದ. ಆಮೇಲೆ, “ಕಾಯಬ್ಯಾಡ್ರಿ. ಇಡಾಕ ಬರಂಗಿಲ್ಲ” ಎಂದು ಫೋನನ್ನು ನನ್ನ ಕೈಗೆ ಕೊಟ್ಟ.

ಹೈದರಾಬಾದಿನಿಂದ ಜೀಪಿನಲ್ಲಿ ಬಂದೆವು. ಭೀಮಾ ಸೇತುವೆ ದಾಟುವಾಗ ಒಮ್ಮೆ ಕೇಳಿದ: “ಭಜನಿ ಮಾಡ್ಯಾರಂತ?”

“ಮಾಡ್ಯಾರ ಕಾಕಾ. ಎತ್ತೋತನ ಬಿಟ್ಟಿಲ್ಲಂತ.”

ಮನೆಗೆ ಹೋಗದೆ ನೇರ ಹೊಲಕ್ಕೆ ಹೋದೆವು. ಕಾಕಿಯ ಮೇಲಿನ ಹೊಸ ಮಣ್ಣು ಇನ್ನೂ ಹಸಿಯಾಗಿತ್ತು. ಬೀಗರು, ಊರವರು ಸುತ್ತ ನಿಂತಿದ್ದರು. ಮಾವ ದಮ್ಮಡಿ ತೊಡೆಯ ಮೇಲಿಟ್ಟುಕೊಂಡ. ನಾನು ಏಕತಾರಿಯ ತಂತಿ ಬಿಗಿದೆ. ಮೊದಲ ಪೆಟ್ಟು ಬಿದ್ದೊಡನೆ ಕಾಕಾ ಬಾಗಿ ದಮ್ಮಡಿಯ ಮೇಲೆ ಅಂಗೈ ಇಟ್ಟ.

“ಬ್ಯಾಡ” ಎಂದ.

“ಯಾಕ್ರಿ? ಹಾಡ್ರಿ, ಮಂದಿ ಕಾಯಾಕತ್ತದ” ಎಂದು ಹಿಂದಿನಿಂದ ಯಾರೋ ಅಂದರು. ಮಾವ ದಮ್ಮಡಿಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಮಂದಿ ಗೊಣಗುತ್ತ ಒಬ್ಬೊಬ್ಬರೇ ಹೋದರು. ನಾವು ಮೂವರು ಹೊತ್ತು ಮುಳುಗುವವರೆಗೆ ಅಲ್ಲೇ ಕೂತಿದ್ದೆವು.